ಹಸಿರು ಶಾಯಿಯಲ್ಲಿ 1987: ಹಳೆಯ ಬೇಸ್‌ಬಾಲ್ ಪ್ರಶಸ್ತಿಗಳ ಲೆಕ್ಕ ತಪಾಸಣೆ ಮಾಡುವ ಬಗೆ

ಮೂವತ್ತೊಂದು ವರ್ಷ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಮಂಡ್ಯ, ಹಾಸನ, ಪಿರಿಯಾಪಟ್ಟಣ ಎಂದು ಊರೂರು ಸುತ್ತಿ, ರೋಕಡ ಪುಸ್ತಕಕ್ಕೂ ವೋಚರಿಗೂ ತಾಳೆ ನೋಡಿ, ತಪ್ಪು ಕಂಡಲ್ಲಿ ಹಸಿರು ಶಾಯಿಯಲ್ಲಿ ಗುರುತು ಹಾಕುವುದು ನನ್ನ ಕಸುಬಾಗಿತ್ತು. ಈಗ ವರ್ಷದಲ್ಲಿ ಕೆಲವು ತಿಂಗಳು ಶಿಕಾಗೊ ಹತ್ತಿರದ ಮಗಳ ಮನೆಯಲ್ಲಿ ಇರುತ್ತೇನೆ. ಚಳಿಗಾಲದಲ್ಲಿ ಅಲ್ಲಿ ಬೀದಿಗೆ ಇಳಿಯುವಂತಿಲ್ಲ. ಬೇಸ್‌ಬಾಲ್ ಆಟವೂ ಅಕ್ಟೋಬರಿಗೆ ಮುಗಿದಿರುತ್ತದೆ. ಹೀಗಾಗಿ ಹಳೆಯ ಋತುವೊಂದನ್ನು ಎತ್ತಿಕೊಂಡು, ಅಂದು ಪ್ರಶಸ್ತಿ ಪಡೆದವರು ಅದಕ್ಕೆ ತಕ್ಕವರೇ ಎಂದು ಲೆಕ್ಕ ತೆಗೆಯುವ ಚಟ ಹತ್ತಿತು.

ಈ ಚಟಕ್ಕೆ ತಿದಿಯೊತ್ತಿದವರು ಪಕ್ಕದ ಮನೆಯ ಹಿರಿಯರು. ಎಂಬತ್ತು ದಾಟಿದ ನಿವೃತ್ತ ಅಂಚೆಯವರು, ಶಿಕಾಗೊ ಕಬ್ಸ್ ತಂಡದ ಆಜೀವ ಭಕ್ತರು. 1987ರಲ್ಲಿ ನ್ಯಾಷನಲ್ ಲೀಗಿನ (ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ಎರಡು ಲೀಗ್‌ಗಳಲ್ಲಿ ಒಂದು) ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ಅಂದರೆ ಎಂವಿಪಿ, ಕಬ್ಸ್‌ನ ಆಂಡ್ರೆ ಡಾಸನ್ ಅವರಿಗೆ ಬಂತು. 49 ಹೋಮ್ ರನ್ (ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ ಬರುವುದು), 137 ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್). ಎರಡರಲ್ಲೂ ಲೀಗಿಗೇ ಮೊದಲು. ಆದರೆ ತಂಡ ಮಾತ್ರ 76 ಗೆದ್ದು 85 ಸೋತು ತನ್ನ ವಿಭಾಗದಲ್ಲಿ ಕಟ್ಟಕಡೆ. ಕೊನೆಯ ಸ್ಥಾನದ ತಂಡದಿಂದ ಎಂವಿಪಿ ಆದ ಮೊದಲಿಗರು ಡಾಸನ್. ಹಿರಿಯರ ಪಾಲಿಗೆ ಇದು ಪ್ರಶ್ನಿಸಬಾರದ ಸತ್ಯ. ನನಗೋ, ಪ್ರಶ್ನಿಸಬಾರದು ಎಂದ ಲೆಡ್ಜರನ್ನೇ ಮೊದಲು ತೆರೆಯುವ ಅಭ್ಯಾಸ.

ಹೇಗೆ ತೆರೆಯಬೇಕು ಎಂಬುದನ್ನು ಈ ಒಂದು ವರ್ಷವನ್ನೇ ಇಟ್ಟುಕೊಂಡು ಹೇಳುತ್ತೇನೆ. ಕ್ರಮ ತಿಳಿದರೆ ಬೇರೆ ಯಾವ ವರ್ಷಕ್ಕೂ ಹಚ್ಚಬಹುದು. ಬೇಕಾದ ಅಂಕಿಗಳೆಲ್ಲ ಬೇಸ್‌ಬಾಲ್ ರೆಫರೆನ್ಸ್ ಮತ್ತು ರೆಟ್ರೋಶೀಟ್ ಎಂಬ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಗೆರೆ ಹಾಕಿದ ಪುಸ್ತಕ, ಒಂದು ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್ ಸಾಕು. ಕಂಪ್ಯೂಟರಿನಲ್ಲೇ ಮಾಡುವವರು ಮಾಡಲಿ. ಕೈಯಲ್ಲಿ ಬರೆದರೆ ಅಂಕಿ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಮೊದಲು ಮತಪೆಟ್ಟಿಗೆ

ಆಟಗಾರನ ಅಂಕಿಗೆ ಕೈ ಹಾಕುವ ಮೊದಲು ಪ್ರಶಸ್ತಿ ಕೊಟ್ಟವರು ಯಾರು, ಯಾವಾಗ, ಯಾವ ನಿಯಮದ ಮೇಲೆ ಎಂದು ನೋಡಿ. ಸಂಘದ ಬೈಲಾ ಓದದೆ ತಪಾಸಣೆಗೆ ಕೂತವನಿಗೆ ಬುದ್ಧಿ ಇಲ್ಲ ಎಂದು ನಮ್ಮ ಮೇಲಧಿಕಾರಿಯೊಬ್ಬರು ಹೇಳುತ್ತಿದ್ದರು.

ಎಂವಿಪಿಯನ್ನು ಆರಿಸುವವರು ಬೇಸ್‌ಬಾಲ್ ಬರಹಗಾರರ ಸಂಘದವರು. ಲೀಗಿನ ಪ್ರತಿ ತಂಡದ ಊರಿನಿಂದ ಇಬ್ಬರು. ಅಂದು ನ್ಯಾಷನಲ್ ಲೀಗಿನಲ್ಲಿ 12 ತಂಡ, ಆದ್ದರಿಂದ 24 ಮತದಾರರು. ಒಬ್ಬೊಬ್ಬರೂ ಹತ್ತು ಹೆಸರುಗಳನ್ನು ಕ್ರಮವಾಗಿ ಬರೆಯಬೇಕು. ಮೊದಲ ಹೆಸರಿಗೆ 14 ಅಂಕ, ಎರಡನೆಯದಕ್ಕೆ 9, ಮೂರನೆಯದಕ್ಕೆ 8, ಹೀಗೆ ಇಳಿಯುತ್ತ ಹತ್ತನೆಯದಕ್ಕೆ 1. ಲೀಗ್ ಪಂದ್ಯಗಳು ಮುಗಿದ ಕೂಡಲೇ ಮತ ಹಾಕಿಬಿಡಬೇಕು. ಮುಂದಿನ ನಾಕೌಟ್ ಪಂದ್ಯಗಳು, ವರ್ಲ್ಡ್ ಸೀರೀಸ್ ಯಾವುದೂ ಲೆಕ್ಕಕ್ಕಿಲ್ಲ.

‘ಅತ್ಯಮೂಲ್ಯ’ ಎಂದರೆ ಏನು? ಮತಪತ್ರದ ಜೊತೆಗಿನ ಸೂಚನೆಯಲ್ಲೇ ಅದಕ್ಕೆ ಖಚಿತ ವ್ಯಾಖ್ಯೆ ಇಲ್ಲ ಎಂದು ಒಪ್ಪಿಕೊಂಡಿದ್ದಾರೆ. ತಂಡಕ್ಕೆ ಆಟಗಾರನಿಂದ ಆದ ನಿಜವಾದ ಪ್ರಯೋಜನ, ಬ್ಯಾಟಿಂಗ್ ಮತ್ತು ಫೀಲ್ಡಿಂಗ್ ಎರಡರ ಬಲ, ಆಡಿದ ಪಂದ್ಯಗಳ ಸಂಖ್ಯೆ, ನಡತೆ, ನಿಷ್ಠೆ ಮತ್ತು ಶ್ರಮ, ಇವನ್ನು ಗಮನಿಸಿ ಎಂದಷ್ಟೇ ಇದೆ. ಹೋಮ್ ರನ್ ಎಂಬ ಮಾತೂ ಇಲ್ಲ, ಆರ್‌ಬಿಐ ಎಂಬ ಮಾತೂ ಇಲ್ಲ. ನಾನು ಹಸಿರು ಶಾಯಿಯಲ್ಲಿ ಅಡಿಗೆರೆ ಎಳೆದದ್ದು ‘ಎರಡರ ಬಲ’ ಎಂಬುದರ ಕೆಳಗೆ.

ಫಲಿತಾಂಶ: ಡಾಸನ್ 269 ಅಂಕ, ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ಕಾಯುವವರು) ಓಜಿ ಸ್ಮಿತ್ 193, ಅದೇ ತಂಡದ ಜ್ಯಾಕ್ ಕ್ಲಾರ್ಕ್ 186. ಡಾಸನ್‌ಗೆ ಮೊದಲ ಸ್ಥಾನದ ಮತ ಕೊಟ್ಟವರು 24ರಲ್ಲಿ 11 ಮಂದಿ ಮಾತ್ರ. ಅರ್ಧಕ್ಕಿಂತ ಕಡಿಮೆ! ಹಿರಿಯರಿಗೆ ಇದನ್ನು ತೋರಿಸಿದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಎಲ್ಲರೂ ಒಮ್ಮತದಿಂದ ಕೊಟ್ಟರು ಎಂಬುದು ಇಷ್ಟು ವರ್ಷ ಅವರ ನೆನಪಾಗಿತ್ತು.

ಪಟ್ಟಿ ಮಾಡುವಾಗ ಮಡಿವಂತಿಕೆ ಬೇಡ

ಮತ ಪಡೆದವರನ್ನಷ್ಟೇ ಹೋಲಿಸಿದರೆ ಹಳೆಯ ತಪ್ಪನ್ನೇ ನಕಲು ಮಾಡಿದಂತೆ. ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಬೇಸ್ ಸೇರಿದ ಪ್ರಮಾಣ, ವಾಕ್ (ನಾಲ್ಕು ಚೆಂಡು ಅಳತೆ ತಪ್ಪಿ ಬಂದರೆ ಪುಕ್ಕಟೆ ಸಿಗುವ ಮೊದಲ ಬೇಸ್), ಕದ್ದ ಬೇಸ್ (ಹೊಡೆತವಿಲ್ಲದೆಯೇ ಓಡಿ ಹಿಡಿದ ಮುಂದಿನ ಬೇಸ್) ಇವುಗಳಲ್ಲಿ ಮೊದಲ ಹತ್ತರಲ್ಲಿ ಇದ್ದ ಎಲ್ಲರನ್ನೂ ಬರೆದುಕೊಳ್ಳಿ. ಜೊತೆಗೆ ಶಾರ್ಟ್‌ಸ್ಟಾಪ್, ಕ್ಯಾಚರ್, ಸೆಂಟರ್ ಫೀಲ್ಡ್‌ನಂಥ ಕಷ್ಟದ ಜಾಗಗಳಲ್ಲಿ ಆಡಿದ ಒಳ್ಳೆಯವರನ್ನೂ ಸೇರಿಸಿ. ಮೊದಲ ಬಾರಿ ನಾನು ಓಜಿ ಸ್ಮಿತ್ ಅವರ ಹೋಮ್ ರನ್ ಕಾಲಂನಲ್ಲಿ ಸೊನ್ನೆ ಕಂಡು, ಇದು ಯಾವುದೋ ಮುದ್ರಣದೋಷ ಅಥವಾ ಲೆಕ್ಕಕ್ಕೆ ಬಾರದ ಮನುಷ್ಯ ಎಂದು ಹೊಡೆದುಹಾಕಿಬಿಟ್ಟಿದ್ದೆ. ಅವರು 158 ಪಂದ್ಯ ಆಡಿ ಒಂದೂ ಹೋಮ್ ರನ್ ಇಲ್ಲದೆ ಎರಡನೆಯ ಸ್ಥಾನಕ್ಕೆ ಬಂದವರು ಎಂದು ಆಮೇಲೆ ತಿಳಿದು ನಾಚಿಕೆಯಾಯಿತು.

1987ರ ನನ್ನ ಪಟ್ಟಿಯಲ್ಲಿ ಉಳಿದವರು ಏಳು ಮಂದಿ: ಡಾಸನ್, ಸ್ಮಿತ್, ಕ್ಲಾರ್ಕ್, ಸ್ಯಾನ್ ಡಿಯೇಗೊ ಪ್ಯಾಡ್ರೆಸ್‌ನ ಟೋನಿ ಗ್ವಿನ್, ಮಾಂಟ್ರಿಯಲ್ ಎಕ್ಸ್‌ಪೋಸ್‌ನ ಟಿಮ್ ರೇನ್ಸ್, ಸಿನ್ಸಿನಾಟಿ ರೆಡ್ಸ್‌ನ ಎರಿಕ್ ಡೇವಿಸ್, ಅಟ್ಲಾಂಟಾ ಬ್ರೇವ್ಸ್‌ನ ಡೇಲ್ ಮರ್ಫಿ.

ಯಾರ ದುಡ್ಡು ಯಾರ ಖಾತೆಯಲ್ಲಿ

ಆರ್‌ಬಿಐ ಎಂದರೆ ನನ್ನ ಹೊಡೆತದಿಂದ ಮನೆ ಸೇರಿದ ಓಟಗಾರರ ಎಣಿಕೆ. ಬೇಸ್‌ಬಾಲಿನ ಎಲ್ಲ ಅಂಕಿಗಳಲ್ಲಿ ನಾನು ಅತಿ ಹೆಚ್ಚು ಶಂಕೆಯಿಂದ ನೋಡುವುದು ಇದನ್ನೇ. ಏಕೆಂದರೆ ನನಗಿಂತ ಮೊದಲು ಬ್ಯಾಟ್ ಹಿಡಿದವರು ಬೇಸ್ ಮೇಲೆ ನಿಂತಿದ್ದರೆ ತಾನೆ ನಾನು ಅವರನ್ನು ಮನೆಗೆ ಕರೆಯುವುದು? ಒಬ್ಬ ಸದಸ್ಯ ಕಟ್ಟಿದ ಠೇವಣಿಯನ್ನು ಇನ್ನೊಬ್ಬನ ಖಾತೆಗೆ ಜಮೆ ಮಾಡಿದ ಹಾಗೆ ಇದು. ಗ್ವಿನ್ ಅವರ ಆರ್‌ಬಿಐ ಬರೀ 54. ಅವರ ಮುಂದೆ ಯಾರು ಆಡುತ್ತಿದ್ದರು, ಎಷ್ಟು ಸಲ ಬೇಸ್ ಖಾಲಿ ಇತ್ತು ಎಂದು ಕೇಳದೆ 137ರ ಪಕ್ಕದಲ್ಲಿ ಇದನ್ನು ಇಡುವುದು ನ್ಯಾಯವಲ್ಲ. ತಂಡದ ಗೆಲುವಿನ ಪಟ್ಟಿಯೂ ಹಾಗೆಯೇ. ಪ್ಯಾಡ್ರೆಸ್ 65 ಗೆದ್ದು 97 ಸೋತರು. ಅದರಲ್ಲಿ ಗ್ವಿನ್ ಅವರ ತಪ್ಪೇನು?

ನಮ್ಮ ಕಡೆಯವರಿಗೆ ಇದು ಹೊಸದಲ್ಲ. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದಾಗ ಗುಂಡಪ್ಪ ವಿಶ್ವನಾಥ್ ಔಟಾಗದೆ 97 ಹೊಡೆದರು. ತಂಡದ ಮೊತ್ತ 190. ದಾಖಲೆ ಪುಸ್ತಕದಲ್ಲಿ ಅದು ಶತಕವಲ್ಲ. ಆದರೆ ಅದನ್ನು ಬೇರೆಯವರ ಎಷ್ಟು ಶತಕಗಳಿಗೆ ಬದಲಾಯಿಸಿಕೊಳ್ಳುತ್ತೀರಿ ಎಂದು ಮೈಸೂರಿನ ಯಾವ ಕಟ್ಟೆಯ ಮೇಲೆ ಕೇಳಿದರೂ ಉತ್ತರ ಸಿಗುತ್ತದೆ.

ಎಲ್ಲವನ್ನೂ ಒಂದೇ ನಾಣ್ಯಕ್ಕೆ ತನ್ನಿ

ತಪಾಸಣೆಯ ನಿಜವಾದ ಕೆಲಸ ಇಲ್ಲಿದೆ. ಸಿಂಗಲ್ (ಒಂದು ಬೇಸ್ ತಲುಪಿಸಿದ ಹೊಡೆತ), ಡಬಲ್ (ಎರಡು ಬೇಸ್), ವಾಕ್, ಹೋಮ್ ರನ್, ಕದ್ದ ಬೇಸ್ ಎಲ್ಲವೂ ಬೇರೆ ಬೇರೆ ಸರಕು. ಭತ್ತ, ರಾಗಿ, ಬೆಲ್ಲ ಇದ್ದ ದಾಸ್ತಾನನ್ನು ರೂಪಾಯಿಗೆ ತಿರುಗಿಸುವಂತೆ ಇವನ್ನು ರನ್‌ಗೆ ತಿರುಗಿಸಬೇಕು.

ದರ ಎಲ್ಲಿಂದ ಬಂತು? ಬೇಸ್‌ಬಾಲಿನಲ್ಲಿ ಯಾವುದೇ ಕ್ಷಣ 24 ಸ್ಥಿತಿಗಳಲ್ಲಿ ಒಂದಾಗಿರುತ್ತದೆ: ಯಾವ ಬೇಸ್ ಮೇಲೆ ಯಾರಿದ್ದಾರೆ ಎಂಬುದಕ್ಕೆ ಎಂಟು ಬಗೆ, ಔಟ್ ಆದವರು ಸೊನ್ನೆ, ಒಂದು, ಎರಡು ಎಂಬುದಕ್ಕೆ ಮೂರು. ಒಂದೊಂದು ಸ್ಥಿತಿಯಿಂದ ಆ ಇನಿಂಗ್ಸ್ ಮುಗಿಯುವಷ್ಟರಲ್ಲಿ ಸರಾಸರಿ ಎಷ್ಟು ರನ್ ಬರುತ್ತವೆ ಎಂದು ಸಾವಿರಾರು ಪಂದ್ಯಗಳಿಂದ ಲೆಕ್ಕ ಹಾಕಿದ್ದಾರೆ. ಹೊಡೆತಕ್ಕೆ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂಬ ವ್ಯತ್ಯಾಸದ ಸರಾಸರಿಯೇ ದರ. ನಾನು ಗೋಡೆಯ ಮೇಲೆ ಅಂಟಿಸಿಕೊಂಡ ದರಪಟ್ಟಿ ಹೀಗಿದೆ. ಒಂದು ರನ್ ಎಂದರೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಸಿಂಗಲ್‌ಗೆ 47 ಪೈಸೆ. ಡಬಲ್‌ಗೆ 77. ಟ್ರಿಪಲ್‌ಗೆ 1 ರೂಪಾಯಿ 4 ಪೈಸೆ. ಹೋಮ್ ರನ್‌ಗೆ 1 ರೂಪಾಯಿ 40. ವಾಕ್ ಅಥವಾ ಚೆಂಡು ಮೈಗೆ ಬಡಿದು ಸಿಕ್ಕ ಬೇಸ್‌ಗೆ 32 ಪೈಸೆ. ಕದ್ದ ಬೇಸ್‌ಗೆ 20 ಪೈಸೆ, ಕದಿಯಲು ಹೋಗಿ ಸಿಕ್ಕಿಬಿದ್ದರೆ 40 ಪೈಸೆ ದಂಡ. ಮತ್ತು ಪ್ರತಿ ಔಟ್‌ಗೆ 27 ಪೈಸೆ ಖರ್ಚು. ಪೈಸೆ ಎರಡು ಪೈಸೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಆಗುತ್ತದೆ. ಮನೆಯ ಲೆಕ್ಕಕ್ಕೆ ಇಷ್ಟು ಸಾಕು. ಸಾಧಾರಣ ಆಟಗಾರನ ಬಾಕಿ ಸೊನ್ನೆಗೆ ಹತ್ತಿರ ಬರುವಂತೆ ಈ ದರಗಳನ್ನು ಹೊಂದಿಸಲಾಗಿದೆ.

ಈಗ ಡಾಸನ್ ಖಾತೆ ತೆರೆಯೋಣ. 621 ಅಧಿಕೃತ ಬ್ಯಾಟಿಂಗ್ ಸರದಿ, 178 ಹಿಟ್. ಅದರಲ್ಲಿ 24 ಡಬಲ್, 2 ಟ್ರಿಪಲ್, 49 ಹೋಮ್ ರನ್ ಕಳೆದರೆ ಸಿಂಗಲ್ 103. ವಾಕ್ 32, ಮೈಗೆ ಬಡಿದದ್ದು 7. ಜಮೆಯ ಪುಟದಲ್ಲಿ ಬರೆಯಿರಿ: ಸಿಂಗಲ್‌ನಿಂದ 48.41, ಡಬಲ್‌ನಿಂದ 18.48, ಟ್ರಿಪಲ್‌ನಿಂದ 2.08, ಹೋಮ್ ರನ್‌ನಿಂದ 68.60, ವಾಕ್ ಇತ್ಯಾದಿಯಿಂದ 12.48. ಒಟ್ಟು ಜಮೆ 150.05.

ಗ್ವಿನ್ ಖಾತೆ: 589 ಸರದಿ, 218 ಹಿಟ್, ಸರಾಸರಿ (ಹಿಟ್ ಅನ್ನು ಸರದಿಯಿಂದ ಭಾಗಿಸಿದ್ದು) .370, ಇಡೀ ಮೇಜರ್ ಲೀಗಿಗೆ ಮೊದಲು. ಸಿಂಗಲ್ 162, ಡಬಲ್ 36, ಟ್ರಿಪಲ್ 13, ಹೋಮ್ ರನ್ 7 ಮಾತ್ರ. ವಾಕ್ ಮತ್ತು ಮೈಗೆ ಬಡಿದದ್ದು ಸೇರಿ 85. ಒಟ್ಟು ಜಮೆ 154.38.

ಮೊದಲ ಸಲ ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಕಂಡಾಗ ಎಲ್ಲೋ ಕೂಡಿಸಿದ್ದು ತಪ್ಪಿದೆ ಎಂದುಕೊಂಡೆ. 49 ಹೋಮ್ ರನ್ ಹೊಡೆದವರದೂ 7 ಹೊಡೆದವರದೂ ಜಮೆ ಹೆಚ್ಚುಕಡಿಮೆ ಒಂದೇ! ಮತ್ತೆ ಕೂಡಿಸಿದೆ. ಸರಿಯೇ ಇತ್ತು. ವ್ಯತ್ಯಾಸ ಇದ್ದದ್ದು ಯಾರೂ ತಿರುಗಿಸಿ ನೋಡದ ಎಡಗಡೆಯ ಪುಟದಲ್ಲಿ, ಖರ್ಚಿನಲ್ಲಿ. ಡಾಸನ್ 443 ಔಟ್ ಖರ್ಚು ಮಾಡಿದರು, 119.61. ಗ್ವಿನ್ 371, ಅಂದರೆ 100.17. ಒಂದು ಪಂದ್ಯಕ್ಕೆ ತಂಡದ ಕೈಯಲ್ಲಿರುವುದು 27 ಔಟ್. ಡಾಸನ್ ಹೆಚ್ಚಿಗೆ ಖರ್ಚು ಮಾಡಿದ 72 ಔಟ್ ಎಂದರೆ ಎರಡೂವರೆ ಪಂದ್ಯಕ್ಕೂ ಮೀರಿದ ಬಂಡವಾಳ. ಹೋಮ್ ರನ್ ಜಾತ್ರೆಯ ತೇರಿನಂತೆ ಎಲ್ಲರಿಗೂ ಕಾಣುತ್ತದೆ; ಔಟ್ ಎಂಬುದು ತೂತು ಬಿದ್ದ ಚೀಲದಿಂದ ಸುರಿಯುವ ರಾಗಿ.

ಇನ್ನು ಬೇಸ್ ಕದಿಯುವುದು. ಗ್ವಿನ್ 56 ಕದ್ದು 12 ಸಲ ಸಿಕ್ಕಿಬಿದ್ದರು, ನಿವ್ವಳ 6.40. ಡಾಸನ್ 11 ಕದ್ದು 3 ಸಲ ಸಿಕ್ಕಿಬಿದ್ದರು, 1.00. ಅಂತಿಮ ಬಾಕಿ: ಗ್ವಿನ್ 60 ದಾಟಿ 61ರ ಹತ್ತಿರ, ಡಾಸನ್ 31. ಅರ್ಧ!

ಇದೇ ದರದಲ್ಲಿ ಉಳಿದವರನ್ನೂ ನೀವೇ ಮಾಡಿನೋಡಿ, ಕೈ ಪಳಗುತ್ತದೆ. ನನಗೆ ಬಂದದ್ದು: ಮರ್ಫಿ 60, ಕ್ಲಾರ್ಕ್ 59, ರೇನ್ಸ್ 56, ಡೇವಿಸ್ 53, ಸ್ಮಿತ್ 21. ಕ್ಲಾರ್ಕ್ ಅವರ 59 ಕಂಡು ಬೆರಗಾಗಬೇಡಿ. ಅವರು 131 ಪಂದ್ಯಗಳಲ್ಲಿ 136 ವಾಕ್ ಪಡೆದವರು. ಬ್ಯಾಟ್ ಎತ್ತದೆಯೇ ಬೇಸ್ ಸೇರುವ ಈ ಕಲೆಗೆ ಅಂದಿನ ಪತ್ರಿಕೆಗಳಲ್ಲಿ ಅಷ್ಟು ಬೆಲೆ ಇರಲಿಲ್ಲ.

ನಿಂತ ಜಾಗಕ್ಕೂ ಕೂಲಿ ಇದೆ

ಇಲ್ಲಿಗೆ ನಿಲ್ಲಿಸಿದರೆ ಸ್ಮಿತ್ ಅವರಿಗೆ ಅನ್ಯಾಯ. ಶಾರ್ಟ್‌ಸ್ಟಾಪ್ ಆಡಬಲ್ಲವರು ಅಪರೂಪ; ಬಲಗಡೆಯ ಹೊರಮೈದಾನ ಕಾಯುವವರು ಅಷ್ಟು ಅಪರೂಪವಲ್ಲ. ಇದಕ್ಕೂ ಒಂದು ದರ ಬಳಕೆಯಲ್ಲಿದೆ. ಪೂರ್ತಿ ಋತು ಆಡಿದರೆ ಶಾರ್ಟ್‌ಸ್ಟಾಪ್‌ಗೆ ಏಳೂವರೆ ರನ್ ಸೇರಿಸುವುದು, ಕೆಲವರು ಏಳು ಎನ್ನುತ್ತಾರೆ. ಸೆಂಟರ್ ಫೀಲ್ಡ್, ಮೂರನೆಯ ಬೇಸ್‌ಗೆ ಎರಡೂವರೆ ಸೇರಿಸುವುದು. ಎಡ ಮತ್ತು ಬಲ ಹೊರಮೈದಾನಕ್ಕೆ ಏಳೂವರೆ ಕಳೆಯುವುದು. ಮೊದಲ ಬೇಸ್‌ಗೆ ಹನ್ನೆರಡೂವರೆ ಕಳೆಯುವುದು. ಆಡಿದ ಪಂದ್ಯ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ತಗ್ಗಿಸಿ.

ಹಚ್ಚಿ ನೋಡಿದರೆ ಸ್ಮಿತ್ 28, ಬಲ ಹೊರಮೈದಾನ ಕಾಯುತ್ತಿದ್ದ ಡಾಸನ್ 24. ಒಂದೂ ಹೋಮ್ ರನ್ ಇಲ್ಲದವರು 49 ಹೊಡೆದವರನ್ನು ದಾಟಿದರು. ಸ್ಮಿತ್ ಅವರ ಕೈಗವಸಿನ ಚಮತ್ಕಾರವನ್ನು ಇನ್ನೂ ಎಣಿಸಿಯೇ ಇಲ್ಲ. ಇಡೀ ಋತುವಿನಲ್ಲಿ ಅವರ ಫೀಲ್ಡಿಂಗ್ ತಪ್ಪುಗಳು ಹತ್ತೇ ಹತ್ತು. ಮೇಲಿನ ಸಾಲಿನಲ್ಲಿ ಡೇವಿಸ್ 55, ಗ್ವಿನ್ ಮತ್ತು ಮರ್ಫಿ 53, ರೇನ್ಸ್ ಮತ್ತು ಕ್ಲಾರ್ಕ್ 49ರ ಸುತ್ತ.

ಮೈದಾನದ ಗಾಳಿ

ಹಿರಿಯರ ಜೊತೆ ನಿಜವಾದ ಜಗಳ ಹುಟ್ಟಿದ್ದು ಇಲ್ಲಿ. ಕಬ್ಸ್‌ನ ರಿಗ್ಲಿ ಫೀಲ್ಡ್‌ಗೆ 1988ರ ಆಗಸ್ಟ್‌ವರೆಗೆ ದೀಪಗಳೇ ಇರಲಿಲ್ಲ. 1987ರಲ್ಲಿ ಅಲ್ಲಿ ನಡೆದದ್ದೆಲ್ಲ ಹಗಲು ಪಂದ್ಯ. ಬೇಸಗೆಯ ಮಧ್ಯಾಹ್ನ ಗಾಳಿ ಮಿಷಿಗನ್ ಸರೋವರದ ಕಡೆಗೆ ಬೀಸಿದರೆ ಸಾಧಾರಣ ಎತ್ತುಹೊಡೆತವೂ ಐವಿ ಬಳ್ಳಿಯ ಗೋಡೆ ದಾಟಿ ಬೀದಿಗೆ ಬೀಳುತ್ತದೆ. ಆ ವರ್ಷ ಡಾಸನ್ ಸರಾಸರಿ ತವರಿನಲ್ಲಿ .332, ಹೊರಗೆ .246. ಹೋಮ್ ರನ್ ತವರಿನಲ್ಲಿ 27, ಹೊರಗೆ 22.

ಒಂದು ಎಚ್ಚರಿಕೆ ಹೇಳಬೇಕು. ಒಬ್ಬನೇ ಆಟಗಾರನ ತವರು–ಹೊರಗಿನ ವ್ಯತ್ಯಾಸವನ್ನು ಪೂರ್ತಿ ಮೈದಾನದ ತಲೆಗೆ ಕಟ್ಟಬಾರದು. ಮನೆಯ ಊಟ, ಮನೆಯ ನಿದ್ದೆ ಎಲ್ಲರಿಗೂ ಒಳ್ಳೆಯದೇ. ಸರಿಯಾದ ದಾರಿ ಎಂದರೆ ಆ ಮೈದಾನದಲ್ಲಿ ಎರಡೂ ತಂಡಗಳು ಸೇರಿ ಗಳಿಸಿದ ರನ್‌ಗಳನ್ನು, ಅದೇ ತಂಡ ಹೊರಗೆ ಆಡಿದ ಪಂದ್ಯಗಳಲ್ಲಿ ಎರಡೂ ತಂಡಗಳು ಗಳಿಸಿದ ರನ್‌ಗಳಿಂದ ಭಾಗಿಸುವುದು. ಒಂದು ವರ್ಷದ ಅಂಕಿ ಕುಣಿಯುತ್ತದೆ, ಮೂರು ವರ್ಷದ್ದು ಒಟ್ಟುಗೂಡಿಸಿ. ಬಂದ ವ್ಯತ್ಯಾಸದಲ್ಲಿ ಅರ್ಧವನ್ನಷ್ಟೇ ಆಟಗಾರನ ಲೆಕ್ಕಕ್ಕೆ ಹಚ್ಚಿ. ಅವನು ಅರ್ಧ ಪಂದ್ಯಗಳನ್ನು ಹೊರಗೇ ಆಡಿದ್ದಾನೆ. ಈ ಅರ್ಧದ ಮಾತನ್ನು ಮರೆತು ದುಪ್ಪಟ್ಟು ದಂಡ ಹಾಕುವವರನ್ನು ಬಹಳ ಕಂಡಿದ್ದೇನೆ. ರಿಗ್ಲಿ, ಅಟ್ಲಾಂಟಾ ಎರಡೂ ಅಂದು ಬ್ಯಾಟಿಗೆ ಒಲಿದ ಮೈದಾನಗಳು. ಆದ್ದರಿಂದ ಡಾಸನ್ ಇನ್ನೂ ಇಳಿಯುತ್ತಾರೆ, ಮರ್ಫಿ ಕೂಡ ಗ್ವಿನ್ ಮತ್ತು ಡೇವಿಸ್ ಅವರಿಗಿಂತ ಕೆಳಕ್ಕೆ ಬರುತ್ತಾರೆ.

ಆ ವರ್ಷದ ಹವೆಯನ್ನೂ ನೋಡಿ. 1986ರಲ್ಲಿ ಎರಡೂ ಲೀಗ್ ಸೇರಿ 3,813 ಹೋಮ್ ರನ್. 1987ರಲ್ಲಿ 4,458. 1988ರಲ್ಲಿ 3,180. ಚೆಂಡಿನಲ್ಲೇ ಏನೋ ಇತ್ತು ಎಂಬ ಗುಮಾನಿ ಅಂದೂ ಇತ್ತು, ಇಂದೂ ಇದೆ. ಬಾಸ್ಟನ್‌ನ ವೇಡ್ ಬಾಗ್ಸ್ ಹಿಂದಿನ ವರ್ಷ 8, ಮುಂದಿನ ವರ್ಷ 5 ಹೋಮ್ ರನ್ ಹೊಡೆದವರು. ನಡುವಿನ 1987ರಲ್ಲಿ 24. ಡಾಸನ್ ಕೂಡ ಹಿಂದೆ 20, ಮುಂದೆ 24, ನಡುವೆ 49. ಬೆಲೆಯೇರಿಕೆಯ ವರ್ಷದ ಸಂಬಳವನ್ನು ಹಿಂದಿನ ವರ್ಷದ ಸಂಬಳದ ಜೊತೆ ಹಾಗೆಯೇ ಹೋಲಿಸುವವರಿಲ್ಲ, ಅಲ್ಲವೇ?

ಇದನ್ನೆಲ್ಲ ಹೇಳಿದ ಮೇಲೆ ಹಿರಿಯರು ಮೂರು ದಿನ ನಮ್ಮ ಮನೆಯ ಕಡೆ ಬರಲಿಲ್ಲ.

ಕಥೆಗೂ ಒಂದು ಕಾಲಂ ಇರಲಿ

ನಾಲ್ಕನೆಯ ದಿನ ಬಂದು, ನಿನ್ನ ಪುಸ್ತಕದಲ್ಲಿ ಇದಕ್ಕೆ ಜಾಗ ಎಲ್ಲಿದೆ ಎಂದು ಕೇಳಿದರು. ಅವರು ಹೇಳಿದ ಕಥೆ ನನಗೆ ಗೊತ್ತಿತ್ತು, ಆದರೆ ಅವರ ಬಾಯಲ್ಲಿ ಕೇಳುವುದು ಬೇರೆ. ಮಾಂಟ್ರಿಯಲ್‌ನ ಕೃತಕ ಹುಲ್ಲಿನ ಮೇಲೆ ಓಡಿ ಓಡಿ ಡಾಸನ್ ಮಂಡಿ ಸವೆದಿತ್ತು. ನಿಜವಾದ ಹುಲ್ಲು ಬೇಕು ಎಂದು ಕಬ್ಸ್‌ಗೆ ಬರಲು ಬಯಸಿದರು. ತಂಡಗಳ ಮಾಲೀಕರು ಆ ಚಳಿಗಾಲ ಒಳಗೊಳಗೇ ಮಾತಾಡಿಕೊಂಡು ಯಾವ ಬಿಡುಗಡೆಯಾದ ಆಟಗಾರನಿಗೂ ಬೆಲೆ ಕಟ್ಟುತ್ತಿರಲಿಲ್ಲ. ಡಾಸನ್ ಸಂಬಳದ ಜಾಗ ಖಾಲಿ ಬಿಟ್ಟ ಕರಾರುಪತ್ರವನ್ನು ಕಬ್ಸ್ ಮುಂದೆ ಇಟ್ಟರು. ನಿಮಗೆ ತೋಚಿದ್ದು ಬರೆದುಕೊಳ್ಳಿ ಎಂದರು. ಅವರು ಬರೆದದ್ದು 5 ಲಕ್ಷ ಡಾಲರ್, ಅಂಥ ಆಟಗಾರನಿಗೆ ತೀರಾ ಕಡಿಮೆ. ಜುಲೈನಲ್ಲಿ ಪ್ಯಾಡ್ರೆಸ್ ಪಿಚರ್ ಎಸೆದ ಚೆಂಡು ಮುಖಕ್ಕೆ ಬಡಿದು ಹೊಲಿಗೆ ಹಾಕಬೇಕಾಯಿತು. ಅಂಥವರು 49 ಹೊಡೆದರೆ ಬಲಗಡೆಯ ಅಗ್ಗದ ಸೀಟಿನ ಜನ ಎದ್ದು ಎರಡೂ ಕೈ ಚಾಚಿ ಬಾಗಿ ನಮಸ್ಕರಿಸುತ್ತಿದ್ದರು. ಹಿರಿಯರು ಆ ನಮಸ್ಕಾರವನ್ನು ನಮ್ಮ ಅಡುಗೆಮನೆಯಲ್ಲಿ ಮಾಡಿ ತೋರಿಸಿದರು. ಸೊಂಟ ಹಿಡಿದುಕೊಂಡಿತು.

ಈ ಕಥೆಯನ್ನು ನಾನು ತಳ್ಳಿಹಾಕುವುದಿಲ್ಲ. ಮತಪತ್ರದ ಸೂಚನೆಯಲ್ಲೇ ನಿಷ್ಠೆ, ಶ್ರಮ ಎಂದಿದೆಯಲ್ಲ. ಆದರೆ ಕಥೆ ಬರೆಯುವಾಗ ಅದರ ಎದುರು ಪುಟವನ್ನೂ ಬರೆಯಬೇಕು. ಅದೇ ಮಾಲೀಕರ ಅದೇ ಒಳಸಂಚಿನಿಂದ ಡಾಸನ್ ಅವರ ಹಳೆಯ ಜೊತೆಗಾರ ಟಿಮ್ ರೇನ್ಸ್‌ಗೂ ಗಿರಾಕಿ ಸಿಗಲಿಲ್ಲ. ತನ್ನ ಹಳೆಯ ತಂಡಕ್ಕೇ ಮರಳಬೇಕಾದರೂ ನಿಯಮದಂತೆ ಮೇ 1ರವರೆಗೆ ಕಾಯಬೇಕಾಯಿತು. ಪೂರ್ತಿ ಏಪ್ರಿಲ್ ಹೋಯಿತು. ಮೇ 2ರಂದು, ತರಬೇತಿ ಪಂದ್ಯ ಒಂದೂ ಇಲ್ಲದೆ, ನ್ಯೂಯಾರ್ಕ್ ಮೆಟ್ಸ್ ವಿರುದ್ಧ ನೇರವಾಗಿ ಕಣಕ್ಕಿಳಿದು ಐದರಲ್ಲಿ ನಾಲ್ಕು ಹಿಟ್ ಹೊಡೆದರು. ಹತ್ತನೆಯ ಇನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್ ಬಾರಿಸಿ ಪಂದ್ಯ ಗೆದ್ದುಕೊಟ್ಟರು. 139 ಪಂದ್ಯಗಳಲ್ಲಿ 123 ರನ್, 50 ಕದ್ದ ಬೇಸ್, ಸಿಕ್ಕಿಬಿದ್ದದ್ದು ಐದೇ ಸಲ. ಮತದಾನದಲ್ಲಿ ಏಳನೆಯ ಸ್ಥಾನ. ಒಂದೇ ಅನ್ಯಾಯ ಒಬ್ಬರಿಗೆ ಕಥೆಯಾಯಿತು, ಇನ್ನೊಬ್ಬರಿಗೆ ಒಂದು ತಿಂಗಳ ನಷ್ಟವಾಯಿತು. ಆಡದ ಪಂದ್ಯಕ್ಕೆ ರನ್ ಕೊಡಲು ಬರುವುದಿಲ್ಲ; ನಾನೂ ಕೊಟ್ಟಿಲ್ಲ. ಹಸಿರು ಶಾಯಿಯಲ್ಲಿ ಷರಾ ಬರೆದಿದ್ದೇನೆ, ಅಷ್ಟೆ.

ಅಮೆರಿಕನ್ ಲೀಗ್, ಬೇಗನೆ

ಅಲ್ಲಿ ಟೊರಾಂಟೊ ಬ್ಲೂ ಜೇಸ್‌ನ ಜಾರ್ಜ್ ಬೆಲ್ ಅವರಿಗೆ 332 ಅಂಕ, ಡೆಟ್ರಾಯಿಟ್ ಟೈಗರ್ಸ್‌ನ ಶಾರ್ಟ್‌ಸ್ಟಾಪ್ ಅಲನ್ ಟ್ರ್ಯಾಮೆಲ್‌ಗೆ 311. ಬೆಲ್ 47 ಹೋಮ್ ರನ್, 134 ಆರ್‌ಬಿಐ. ಟ್ರ್ಯಾಮೆಲ್ .343, 28 ಹೋಮ್ ರನ್, 105 ಆರ್‌ಬಿಐ. ಕೊನೆಯ ಏಳು ಪಂದ್ಯಗಳನ್ನೂ ಬ್ಲೂ ಜೇಸ್ ಸೋತಿತು, ಅದರಲ್ಲಿ ಕೊನೆಯ ಮೂರು ಡೆಟ್ರಾಯಿಟ್‌ನಲ್ಲೇ. ವಿಭಾಗ ಟೈಗರ್ಸ್ ಪಾಲಾಯಿತು. ನನ್ನ ದರದಲ್ಲಿ, ನಿಂತ ಜಾಗದ ಕೂಲಿ ಸೇರಿಸಿ, ಟ್ರ್ಯಾಮೆಲ್ 59, ಬೆಲ್ 38. ಇಲ್ಲಿ ತಲೆ ಕೆರೆದುಕೊಳ್ಳುವುದೇ ಬೇಡ. ಬಾಗ್ಸ್ ಇವರಿಬ್ಬರಿಗಿಂತಲೂ ಮೇಲೆ, 73. ಆದರೆ ಅದು ಬಾಸ್ಟನ್‌ನ ಫೆನ್‌ವೇ ಪಾರ್ಕ್ ಕೊಟ್ಟ ಉಡುಗೊರೆಯನ್ನು ಕಳೆಯುವ ಮೊದಲಿನ ಲೆಕ್ಕ. ಕಳೆದ ಮೇಲೂ ಟ್ರ್ಯಾಮೆಲ್ ಜೊತೆ ಭುಜಕ್ಕೆ ಭುಜ ಕೊಡುತ್ತಾರೆ. ಮತದಾರರು ಅವರನ್ನು ಒಂಬತ್ತನೆಯ ಸ್ಥಾನದಲ್ಲಿ ಇಟ್ಟರು.

ಪಿಚರ್‌ಗಳ ಸೈ ಯಂಗ್ ಪ್ರಶಸ್ತಿಗೆ ಬೇರೆಯೇ ಪುಸ್ತಕ ಇಡಿ. ಗೆಲುವು–ಸೋಲಿನ ಕಾಲಂ ಮುಚ್ಚಿಕೊಂಡು ಓದುವುದು ಮೊದಲ ಪಾಠ. ನ್ಯಾಷನಲ್ ಲೀಗಿನಲ್ಲಿ ಆ ವರ್ಷ ಸ್ಟೀವ್ ಬೆಡ್ರೋಷಿಯನ್ 57 ಅಂಕ, ರಿಕ್ ಸಟ್‌ಕ್ಲಿಫ್ 55, ರಿಕ್ ರಶಲ್ 54. ಗೆದ್ದ ಬೆಡ್ರೋಷಿಯನ್ ಪಂದ್ಯದ ಕೊನೆಗೆ ಬರುವ ಪಿಚರ್. 40 ಸೇವ್ (ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ ಪಂದ್ಯ), ಆದರೆ ಎಸೆದದ್ದು 89 ಇನಿಂಗ್ಸ್ ಮಾತ್ರ. ಹ್ಯೂಸ್ಟನ್‌ನ ನೋಲನ್ ರಯನ್ ಅವರ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್) 2.76, ಲೀಗಿಗೇ ಉತ್ತಮ; 270 ಸ್ಟ್ರೈಕ್‌ಔಟ್, ಲೀಗಿಗೇ ಹೆಚ್ಚು. ಅವರ ಗೆಲುವು–ಸೋಲು 8–16. ತಂಡ ರನ್ ಹೊಡೆಯದಿದ್ದರೆ ಚೆಂಡು ಎಸೆಯುವವ ಏನು ಮಾಡಬೇಕು? ಆದರೂ ನ್ಯಾಯ ಎಂದರೆ ಎರಡೂ ಕಡೆ: ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಪಿಚರ್‌ಗಳ ಸ್ವರ್ಗ. ಡಾಸನ್‌ಗೆ ಹಾಕಿದ ಮೈದಾನದ ಕಡಿತವನ್ನು ರಯನ್‌ಗೂ ಹಾಕಿ. ಹಾಕಿದ ಮೇಲೂ ಮೊದಲ ಮೂವರಲ್ಲಿ ಅವರಿಗೆ ಜಾಗವಿದೆ ಎಂಬುದು ನನ್ನ ಎಣಿಕೆ.

ಮತಪತ್ರ ಬರೆಯುವಾಗ

ಕೊನೆಗೆ ನಿಮ್ಮದೇ ಹತ್ತು ಹೆಸರು ಬರೆಯಿರಿ. ಐದು ರನ್ ಒಳಗಿನ ಅಂತರವನ್ನು ಸಮ ಎಂದೇ ತಿಳಿಯಿರಿ. ನಮ್ಮ ದರಪಟ್ಟಿ ಅಷ್ಟು ಸೂಕ್ಷ್ಮವಲ್ಲ, ಫೀಲ್ಡಿಂಗ್ ಲೆಕ್ಕವಂತೂ ಆ ಕಾಲಕ್ಕೆ ಒರಟು. ಸಮ ಬಂದಲ್ಲಿ ಆಡಿದ ಪಂದ್ಯ ನೋಡಿ. ಡೇವಿಸ್ 129 ಪಂದ್ಯ, ಗ್ವಿನ್ 157. ಡೇವಿಸ್ ಇಲ್ಲದ ದಿನ ರೆಡ್ಸ್ ಬೆಂಚಿನಿಂದ ಬಂದವನು ಸಾಧಾರಣಕ್ಕಿಂತ ಕೆಳಗಿನವನೇ ತಾನೆ? ಆ ನಷ್ಟ ಗ್ವಿನ್ ಕಡೆಗೆ ನಾಲ್ಕು ರನ್ ತೂಗುತ್ತದೆ. ಸೆಂಟರ್ ಫೀಲ್ಡ್‌ನಲ್ಲಿ ಡೇವಿಸ್ ಗೋಡೆ ಹತ್ತಿ ಹಿಡಿದ ಕ್ಯಾಚ್‌ಗಳು ಅದನ್ನು ಮತ್ತೆ ಎಳೆಯುತ್ತವೆ. ಇಬ್ಬರಿಗೂ ಆ ವರ್ಷ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಬಂತು. ಎರಡು ಚಳಿಗಾಲ ತೂಗಿ ನಾನು ಗ್ವಿನ್ ಹೆಸರನ್ನು ಮೊದಲು ಬರೆದೆ, ಪೆನ್ಸಿಲ್‌ನಲ್ಲಿ. ಇನ್ನೊಂದು ಮಾತು: ಮುಂದೆ ಹಾಲ್ ಆಫ್ ಫೇಮ್ (ಆಟದ ದಿಗ್ಗಜರ ಗೌರವಪಟ್ಟಿ) ಸೇರಿದವರು ಯಾರು, ಸೇರದವರು ಯಾರು ಎಂಬುದನ್ನು ಈ ಪುಟಕ್ಕೆ ತರಬೇಡಿ. ಡೇವಿಸ್ ಮುಂದೆ ಗಾಯಗಳಿಂದ ನಲುಗಿದರು. 1987ರ ಡೇವಿಸ್‌ಗೆ ಅದು ಗೊತ್ತಿರಲಿಲ್ಲ.

ಗ್ವಿನ್, ಡೇವಿಸ್, ರೇನ್ಸ್, ಮರ್ಫಿ, ಸ್ಮಿತ್, ಕ್ಲಾರ್ಕ್ ಎಂದು ಬರೆಯುತ್ತ ಒಂಬತ್ತು ಸಾಲು ತುಂಬಿಸಿದೆ. ಹತ್ತನೆಯದನ್ನು ಖಾಲಿ ಬಿಟ್ಟು ಪುಸ್ತಕವನ್ನು ಹಿರಿಯರ ಕಡೆ ತಿರುಗಿಸಿದೆ. ಅವರು ನಡುಗುವ ಕೈಯಲ್ಲಿ ಡಾಸನ್ ಎಂದು ಬರೆದರು. ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ಆ ಹೆಸರಿನಿಂದ ಒಂದು ಬಾಣದ ಗೆರೆ ಎಳೆದು, ಒಂಬತ್ತೂ ಜನರನ್ನು ಬಳಸಿಕೊಂಡು ಹೋಗಿ, ಮೊದಲ ಸಾಲಿನ ಮೇಲೆ ನಿಲ್ಲಿಸಿದರು.

ತಿದ್ದುಪಡಿಗೆ ಸಹಿ ಬೇಕು ಎಂದೆ. ಹಾಕಿದರು.